ಹನ್ನೊಂದು ಕಿಲೋಮೀಟರ್ ಬಾಕಿ

ದಾಸಪ್ಪನ ಕಾರಿನಲ್ಲಿ ಸ್ಟೀರಿಂಗಿನ ಕೆಳಗೆ ಸರ್ಕಾರ ಕೂರಿಸಿದ ಒಂದು ಕಪ್ಪು ಪೆಟ್ಟಿಗೆ ಇತ್ತು. ಆ ದಿನ ಬೆಳಿಗ್ಗೆ ಅದು 1,989 ಎಂದು ತೋರಿಸುತ್ತಿತ್ತು. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಕರೆಂಟಿನ ಗಾಡಿಗಳು ಹೆಚ್ಚಾಗಿ, ಪೆಟ್ರೋಲ್ ಹಾಕಿಸುವವರು ಕಡಿಮೆಯಾದ ಮೇಲೆ ಬಂಕುಗಳಿಂದ ಸರ್ಕಾರಕ್ಕೆ ಬರುತ್ತಿದ್ದ ತೆರಿಗೆ ಬೇಸಿಗೆಯ ನಲ್ಲಿಯ ಹಾಗೆ ಒಣಗಿತ್ತು. ಅದಕ್ಕೇ ಓಡಿದ ಕಿಲೋಮೀಟರಿಗೆ ತೆರಿಗೆ ಬಂತು. ವರ್ಷಕ್ಕೆ ಎರಡು ಸಾವಿರದೊಳಗೆ ಓಡಿದರೆ ತೆರಿಗೆ ಹೆಸರಿಗಷ್ಟೇ. ಒಂದೇ ಒಂದು ದಾಟಿದರೂ ಅಷ್ಟಕ್ಕೂ ದೊಡ್ಡ ದರ.

ದೊಡ್ಡ ದರ ಬಿದ್ದರೆ ಕಾರು ಮಾರದೆ ಬೇರೆ ದಾರಿ ಇರಲಿಲ್ಲ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ದಾಸಪ್ಪ, ಪಿಎಫ್ ಹಣದಲ್ಲಿ ಈ ಸೆಕೆಂಡ್ ಹ್ಯಾಂಡ್ ಕರೆಂಟಿನ ಕಾರು ಕೊಂಡದ್ದು ಹೆಂಡತಿ ಅಂಕಮ್ಮನಿಗಾಗಿ. ಅವಳಿಗೆ ವಾರಕ್ಕೆ ಮೂರು ಸಲ ಜಯನಗರದಲ್ಲಿ ಡಯಾಲಿಸಿಸ್. ಮುಗಿಸಿ ಬರುವಾಗ ಹಿಂಡಿದ ಬಟ್ಟೆಯ ಹಾಗಿರುತ್ತಾಳೆ. ಎಲ್ಲಿ ವಾಂತಿ ಮಾಡುತ್ತಾಳೋ ಎಂದು ಆಟೋದವರು ನಿಲ್ಲಿಸುವುದೇ ಇಲ್ಲ.

ಆಸ್ಪತ್ರೆಯ ಓಡಾಟ ವರ್ಷಕ್ಕೆ ಸಾವಿರದ ಮುನ್ನೂರು ದಾಟುವುದಿಲ್ಲ. ಮಿಕ್ಕದ್ದು ಸಾರಕ್ಕಿಯಲ್ಲಿ ಅವನಿದ್ದ ಹಳೇ ಬೀದಿಯವರದು. "ಪೆಟ್ರೋಲ್ ಹಾಕ್ಸೋ ಹಾಗಿಲ್ಲ, ನಿಂಗೇನ್ ಖರ್ಚು?" ಎಂದು ಹತ್ತಿ ಕೂತವರದು.

ಆ ವರ್ಷದ ಓಟದ ಲೆಕ್ಕ ಬರೆಸಲು ಅಂದೇ ಕೊನೆಯ ದಿನ. ತೆರಿಗೆಯವರ ಕ್ಯಾಂಪ್ ಇದ್ದದ್ದು ಎರಡು ಕಿಲೋಮೀಟರ್ ದೂರದ ಪುಟ್ಟೇನಹಳ್ಳಿಯಲ್ಲಿ. ಬರೆಸಿಬಿಟ್ಟರೆ ಮಾರನೆಯ ದಿನದಿಂದ ಹೊಸ ಲೆಕ್ಕ. ದಾಸಪ್ಪ ಕೀ ಹಿಡಿದು ಹೊರಗೆ ಬಂದ. ಅಷ್ಟರಲ್ಲಿ ಬೀದಿಯ ಕೊನೆಯ ಮನೆಯಿಂದ ಅಳು ಕೇಳಿಸಿತು. ಎಂಬತ್ತಾರು ವರ್ಷದ ಸೀತಮ್ಮ ಹೋಗಿಬಿಟ್ಟಿದ್ದಳು.

ಸಾವಿನ ಮನೆಯವರು ಗಾಡಿ ಕೇಳಿದರೆ ಆ ಬೀದಿಯಲ್ಲಿ ಯಾರೂ ಇಲ್ಲ ಎಂದವರಲ್ಲ. ಸಾರಕ್ಕಿ ಇನ್ನೂ ಹಳ್ಳಿಯಾಗಿದ್ದಾಗ ದಾಸಪ್ಪನ ಅಪ್ಪ ಹೊಲದ ಕೆಲಸ ನಿಲ್ಲಿಸಿ, ಸೌದೆ ಸಾಗಿಸಲು ಎತ್ತಿನಗಾಡಿ ಕೊಡುತ್ತಿದ್ದ. ಆಗ ಸೈಕಲ್ಲಿಗೂ ತೆರಿಗೆಯ ಬಿಲ್ಲೆ ಇರುತ್ತಿತ್ತು. ಆದರೆ ಚಕ್ರ ಎಷ್ಟು ಸುತ್ತು ಸುತ್ತಿತು ಎಂದು ಯಾರೂ ಎಣಿಸುತ್ತಿರಲಿಲ್ಲ.

"ಅಂಕಲ್," ಎನ್ನುತ್ತ ಸೀತಮ್ಮನ ಮೊಮ್ಮಗ ಯುವರಾಜ್ ಕಣ್ಣೊರೆಸಿಕೊಂಡು ಬಂದ. "ಅಜ್ಜೀನ ವ್ಯಾನಲ್ಲಿ ಕರ್ಕೊಂಡು ಹೋಗ್ತಾರೆ. ನಾವು ನಾಲ್ಕು ಜನ ನಿಮ್ ಕಾರಲ್ಲಿ ಬರ್ತೀವಿ. ಬನಶಂಕರಿ ಚಿತಾಗಾರ, ಇಲ್ಲೇ."

ದಾಸಪ್ಪ ಮನಸ್ಸಿನಲ್ಲೇ ಕೂಡಿದ. ಹೋಗಿ ಬರಲು ಏಳು, ಪುಟ್ಟೇನಹಳ್ಳಿಗೆ ಎರಡು. 1,998. "ಹತ್ತಪ್ಪ" ಎಂದ.

ಮುಂದಿನ ಸೀಟಿನಲ್ಲಿ ಎದುರು ಮನೆಯ ದುಂಡಪ್ಪ ಕೂತ. ಅಂಬಾಸಿಡರ್ ಟ್ಯಾಕ್ಸಿ ಓಡಿಸಿ ಮುದುಕನಾದವನು.

"ನಿನ್ ಗಾಡಿಗೂ ಕರೆಂಟು, ಅಜ್ಜಿ ಸುಡೋದಕ್ಕೂ ಕರೆಂಟು," ಎಂದ ದುಂಡಪ್ಪ. "ಆದ್ರೆ ಅಜ್ಜಿಗೆ ಕಿಲೋಮೀಟರ್ ತೆರಿಗೆ ಇಲ್ಲ ನೋಡು. ಪುಣ್ಯವಂತೆ."

ಒಂದೂವರೆ ಕಿಲೋಮೀಟರ್ ಹೋಗುವಷ್ಟರಲ್ಲಿ ಯುವರಾಜ್ ಹಣೆ ಚಚ್ಚಿಕೊಂಡ. "ಅಯ್ಯೋ, ಅಜ್ಜಿ ಆಧಾರ್ ಕಾರ್ಡು ಮನೇಲೇ ಉಳೀತು!"

"ಆಧಾರ್ ಇಲ್ದೆ ಸುಡಲ್ಲ ಗುರು, ತಿರುಗಿಸು," ಎಂದ ದುಂಡಪ್ಪ.

ಹಿಂದಕ್ಕೆ ಒಂದೂವರೆ, ಮತ್ತೆ ಮುಂದಕ್ಕೆ ಒಂದೂವರೆ. ಎಲ್ಲ ಮುಗಿಸಿ, ಅಲ್ಲೇ ನಲ್ಲಿಯಲ್ಲಿ ಮಿಂದು, ಐವರೂ ಒದ್ದೆ ಬಟ್ಟೆಯಲ್ಲಿ ಬೀದಿಗೆ ವಾಪಸಾದಾಗ ಪೆಟ್ಟಿಗೆ 1,999 ತೋರಿಸುತ್ತಿತ್ತು.

ಕಾಂಪೌಂಡಿನ ಆಚೆಯಿಂದ ಲೆಕ್ಕದ ಮೇಡಂ ಸರಸ್ವತಿ ಇಣುಕಿದರು. ರಿಟೈರಾಗಿ ಹತ್ತು ವರ್ಷವಾದರೂ ಅವರು ಪಾಠ ನಿಲ್ಲಿಸಿರಲಿಲ್ಲ. "ದಾಸಪ್ಪನೋರೆ, ಪುಟ್ಟೇನಹಳ್ಳಿ ತಲುಪೋ ಹೊತ್ತಿಗೆ ಎರಡು ಸಾವಿರದ ಒಂದು ಆಗುತ್ತೆ. ಫೇಲು."

"ನಾನಿಲ್ವಾ?" ದುಂಡಪ್ಪ ತಲೆಯ ಟವೆಲ್ ಬಿಗಿ ಮಾಡಿದ. "ನಮ್ ಅಂಬಾಸಿಡರಲ್ಲಿ ರಿವರ್ಸ್ ಹೊಡೆದ್ರೆ ಮೀಟರ್ ಹಿಂದಕ್ಕೆ ಹೋಗೋದು. ಹೊಡಿ ರಿವರ್ಸು!"

ದಾಸಪ್ಪನಿಗೆ ನಂಬಿಕೆ ಇರಲಿಲ್ಲ. ಆದರೆ ಬೀದಿಯೆಲ್ಲ ಸೇರಿ "ಬರ್ಲಿ, ಬರ್ಲಿ, ಬಲಕ್ಕೆ" ಎಂದು ಕೂಗುತ್ತಿರುವಾಗ ಒಬ್ಬನ ನಂಬಿಕೆ ಎಷ್ಟು ಮಾತ್ರದ್ದು! ಕಾರು ಬೀದಿಯುದ್ದಕ್ಕೂ ಹಿಂದಕ್ಕೆ ಹೋಗಿ, ಸಾವಿನ ಮನೆಯವರು ಬಾಡಿಗೆಗೆ ತಂದಿದ್ದ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಅಪ್ಪಚ್ಚಿ ಮಾಡಿ ನಿಂತಿತು. ಪೆಟ್ಟಿಗೆ 1,999.3 ಎಂದಿತು.

"ಸರ್ಕಾರದ್ದು ಅಲ್ವಾ, ಹಿಂದಕ್ಕೆ ಹೋದ್ರೂ ಕಾಸು," ಎಂದು ದುಂಡಪ್ಪ ಗೊಣಗಿದ.

"ತಳ್ಳಿ," ಎಂದರು ಸರಸ್ವತಿ ಮೇಡಂ. "ತಳ್ಳೋದು ಓಡಿಸೋದು ಹೇಗಾಗುತ್ತೆ?"

ಒದ್ದೆ ಪಂಚೆಯ ನಾಲ್ವರು ಗಣೇಶನನ್ನು ಕೆರೆಗೆ ಒಯ್ಯುವ ಹಾಗೆ ತಳ್ಳಿದರು. ಪೆಟ್ಟಿಗೆಗೆ ಬೇಕಿದ್ದದ್ದು ಚಕ್ರ ಸುತ್ತುವುದಷ್ಟೇ. 1,999.7.

ಕೊನೆಗೆ ಯುವರಾಜ್ ಫೋನ್ ಮಾಡಿ, ಕೆಟ್ಟ ಗಾಡಿಗಳನ್ನು ಹೊತ್ತೊಯ್ಯುವ ಲಾರಿ ಕರೆಸಿದ. ಅಂಕಮ್ಮನ ಇಂಜೆಕ್ಷನ್ನಿಗೆಂದು ದಾಸಪ್ಪ ಎತ್ತಿಟ್ಟಿದ್ದ ದುಡ್ಡು ಲಾರಿಯವನ ಜೇಬಿಗೆ ಹೋಯಿತು. ಚಕ್ರಕ್ಕೆ ಹಗ್ಗ ಬಿಗಿಸಿಕೊಂಡು ಕಾರು ಮೆರವಣಿಗೆಯಲ್ಲಿ ಹೊರಟಿತು. ಬಿಡಿಸಿಕೊಳ್ಳಲಾಗದ ನೆಂಟನಂತೆ ದುಂಡಪ್ಪನೂ ಲಾರಿ ಹತ್ತಿದ.

ಕ್ಯಾಂಪಿನಲ್ಲಿ ಮೈತ್ರಿ ಎಂಬ ಸಣ್ಣ ವಯಸ್ಸಿನ ಅಧಿಕಾರಿ ಲಾರಿಯ ಕಡೆ ನೋಡಿದಳು. "ಯಾಕೆ ಅಂಕಲ್, ಗಾಡಿ ಹೊತ್ಕೊಂಡು ಬಂದಿದೀರಾ?"

ದಾಸಪ್ಪ ಬಾಯಿ ತೆರೆಯುವ ಮುಂಚೆ ದುಂಡಪ್ಪ ತೆರೆದ. "ಕೆಟ್ಟೋಗಿದೆ ಮೇಡಂ! ಪೂರ್ತಿ! ಅಲುಗಾಡಲ್ಲ!"

"ಅಯ್ಯೋ ಪಾಪ," ಎಂದು ಮೈತ್ರಿ ಟಪಟಪ ಟೈಪ್ ಮಾಡಿದಳು. "ಹಾಗಾದ್ರೆ ನಿಮಗೆ ತೆರಿಗೇನೇ ಇಲ್ಲ. ಸೊನ್ನೆ."

ದುಂಡಪ್ಪ ದಾಸಪ್ಪನ ಬೆನ್ನಿಗೆ ಗುದ್ದಿದ. "ನೋಡ್ದಾ?"

"ನಂಬರ್ ಪ್ಲೇಟ್ ಬಿಚ್ಚಿ ಕೊಡಿ," ಎಂದಳು ಮೈತ್ರಿ. "ಓಡದ ಗಾಡಿ ಅಂತ ಎಂಟ್ರಿ ಆಯ್ತು. ರಿಜಿಸ್ಟ್ರೇಶನ್ ಕ್ಯಾನ್ಸಲ್. ಇನ್ಮೇಲೆ ರೋಡಿಗಿಳಿಸೋ ಹಾಗಿಲ್ಲ."

ದಾಸಪ್ಪನ ಒದ್ದೆ ಬಟ್ಟೆ ಆಗ ಮೈಗೆ ತಣ್ಣಗೆ ಹತ್ತಿತು. "ಓಡುತ್ತಮ್ಮ. ಸುಳ್ಳು ಹೇಳಿದ್ವಿ. ನಾಳೆ ನನ್ ಹೆಂಡ್ತೀನ ಡಯಾಲಿಸಿಸ್ಸಿಗೆ ಕರ್ಕೊಂಡು ಹೋಗ್ಬೇಕು."

ಹುಡುಗಿ ಕೆಟ್ಟವಳಲ್ಲ. ಹತ್ತು ನಿಮಿಷ ಕಂಪ್ಯೂಟರಿನಲ್ಲಿ ಹುಡುಕಿದಳು. "ಒಂದು ದಾರಿ ಇದೆ ಅಂಕಲ್. ಓಡುತ್ತೆ ಅಂತ ಪ್ರೂಫ್ ಬೇಕು. ಐವತ್ತು ಕಿಲೋಮೀಟರ್ ಓಡಿಸಿ, ಸಂಜೆ ಐದು ಗಂಟೆ ಒಳಗೆ ಪೆಟ್ಟಿಗೆ ತೋರ್ಸಿ."

"ಆ ಐವತ್ತು ಯಾವ ವರ್ಷದ ಲೆಕ್ಕಕ್ಕಮ್ಮ?"

"ಈ ವರ್ಷದ್ದಕ್ಕೇ ಅಂಕಲ್. ಇವತ್ತು ಇನ್ನೂ ಮುಗಿದಿಲ್ವಲ್ಲ."

ಆಗ ಗಂಟೆ ಒಂದು. ಕಾರನ್ನು ಲಾರಿಯಿಂದ ಇಳಿಸಿ ದಾಸಪ್ಪ ಹೊರಟ. ಕ್ಯಾಂಪಿನ ಗೇಟು ದಾಟಿ ಮುನ್ನೂರು ಮೀಟರಿಗೆ ಪೆಟ್ಟಿಗೆಯಲ್ಲಿ 2,000 ಮೂಡಿ ಕೆಂಪು ದೀಪ ಹತ್ತಿತು. ದೊಡ್ಡ ದರ ಖಚಿತವಾಯಿತು; ಇನ್ನು ಮಾರುವುದಕ್ಕಾದರೂ ಕಾರು ಓಡುತ್ತದೆಂದು ತೋರಿಸಬೇಕು. ದುಂಡಪ್ಪ ಕಿಟಕಿಯ ಆಚೆ ನೋಡಿದ.

ಬೀದಿಗೆ ಸುದ್ದಿ ಆಗಲೇ ಮುಟ್ಟಿತ್ತು. ಸರಸ್ವತಿ ಮೇಡಂ ಕೈಚೀಲ ಹಿಡಿದು ಗೇಟಿನಲ್ಲಿ ನಿಂತಿದ್ದರು. "ಹೇಗೂ ಸುತ್ತಲೇಬೇಕಲ್ಲ ದಾಸಪ್ಪನೋರೆ, ಬಿಟಿಎಂನಲ್ಲಿ ನಮ್ ತಂಗಿ ಮನೆಗೆ ಬಿಟ್ಬಿಡಿ." ಯುವರಾಜ್ ಮುರಿದ ಕುರ್ಚಿಗಳನ್ನು ಶಾಮಿಯಾನದವನಿಗೆ ತಲುಪಿಸಬೇಕೆಂದು ಡಿಕ್ಕಿ ತೆರೆದ. ಲಾರಿಯ ಮೇಲೆ ಕೂತು ಸೊಂಟ ಹಿಡಿದಿದೆಯೆಂದು ದುಂಡಪ್ಪ ಮುಂದಿನ ಸೀಟಿನಿಂದ ಇಳಿಯಲೇ ಇಲ್ಲ.

ಅಂಕಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ತುಂಬಿದ ಕಾರನ್ನು ನೋಡಿದಳು, ಗಂಡನ ಮುಖ ನೋಡಿದಳು.

"ರೀ," ಎಂದಳು. "ಸುತ್ತೋವಾಗ ದಾರೀಲಿ ಯಾರಾದ್ರೂ ಆಟೋದವರು ಸಿಕ್ಕಿದ್ರೆ, ನಾಳೆ ಬೆಳಿಗ್ಗೆ ಎಂಟಕ್ಕೆ ಬರ್ತಾರಾ ಕೇಳಿ ಬನ್ನಿ."