ಹುಳು ಮನೆಯ ಮಾನ್ಯ ನಿವಾಸಿಗಳಿಗೆ, ಅಂಬೆಗಾಲಿನವರ ಪರವಾಗಿ

೧. ದೂರುದಾರ: ತಿಮ್ಮಯ್ಯ ಬಿನ್ ಲೇಟ್ ಮುನಿಶಾಮಯ್ಯ, ವ್ಯವಸಾಯ, ದೊಡ್ಡಮಳೂರಿಗೆ ಕೂಗಳತೆಯ ಹಳ್ಳಿ, ಚನ್ನಪಟ್ಟಣ ತಾಲ್ಲೂಕು, ಹೊಸದಾಗಿ ಆದ ರಾಮನಗರ ಜಿಲ್ಲೆ.

೨. ಯಾರ ಪರವಾಗಿ: ಸದರಿ ಹಳ್ಳಿಯ ಮೂರು ವರ್ಷ ತುಂಬದ ಮಕ್ಕಳು. ಇವರಿಗೆ ಸಹಿ ಬಾರದು. ಕೆಲವರಿಗೆ ಮಾತೂ ಬಾರದು.

೩. ಯಾರ ಮೇಲೆ: ದೂರುದಾರನ ಹಿತ್ತಲಿನ ಹುಳು ಮನೆಯಲ್ಲಿ ವಾಸವಿರುವ ರೇಷ್ಮೆ ಹುಳುಗಳು, ಸಮಸ್ತರು.

೪. ದೂರಿನ ವಿಷಯ: ಸೂರಿನ ಕೆಳಗೆ ಆಡುವ ಜಾಗ.

೫. ಇದಕ್ಕೆ ಮುಂಚೆ ಬೇರೆಲ್ಲಾದರೂ ಅರ್ಜಿ ಕೊಟ್ಟಿದೆಯೇ: ಕೊಟ್ಟಿದೆ. ಆದ್ದರಿಂದಲೇ ತಮ್ಮಲ್ಲಿಗೆ ಬರಬೇಕಾಯಿತು.

ಮಾನ್ಯರೇ,

ತಾವು ಪೊರೆ ಕಳಚುವ ಮೂರನೇ ಜ್ವರ ಹಿಡಿದು, ಸೊಪ್ಪು ಬಿಟ್ಟು, ತಲೆಯೆತ್ತಿ, ಯಾವುದೋ ಘನವಾದ ವಿಷಯವನ್ನು ಆಲೋಚಿಸುವವರಂತೆ ಅಲುಗಾಡದೆ ನಿಂತಿರುವ ಈ ದಿನವನ್ನೇ ಆರಿಸಿಕೊಂಡು, ಕೈಕಾಲು ತೊಳೆದು, ಬೀಡಿಯನ್ನು ಬೀದಿಯಲ್ಲೇ ಆರಿಸಿ, ತಮ್ಮ ಹೊಸ್ತಿಲಾಚೆ ನಿಂತು ನಮಸ್ಕರಿಸುತ್ತ ಈ ಮನವಿಯನ್ನು ಸಲ್ಲಿಸುತ್ತಿದ್ದೇನೆ. ಜ್ವರ ಬಿಟ್ಟ ಮೇಲೆ ತಾವು ಊಟಕ್ಕೆ ಕುಳಿತರೆ ಯಾರ ಮಾತೂ ಕಿವಿಗೆ ಬೀಳುವುದಿಲ್ಲವೆಂಬುದು ಈ ಮನೆಯವರೆಲ್ಲರ ಅನುಭವವಾದ್ದರಿಂದ, ಉಪವಾಸದ ಈ ಒಂದು ದಿನವೇ ನನ್ನ ಪಾಲಿಗೆ ಕಚೇರಿ ವೇಳೆ.

ನಾನು ಸಾಮಾನ್ಯ ಅರ್ಜಿದಾರನೆಂದು ತಾವು ತಿಳಿಯಬಾರದು. ತಾಲ್ಲೂಕು ಕಚೇರಿಯ ಮುಂದೆ ಹುಣಸೆ ಮರದಡಿ ಕುಳಿತು ಅರ್ಜಿ ಬರೆಯುತ್ತಿದ್ದ ಲಕ್ಷ್ಮಯ್ಯನವರ ಹತ್ತಿರ ಹರೆಯದಲ್ಲಿ ಶುದ್ಧ ಪ್ರತಿ ತೆಗೆದವನು ನಾನು. 'ತಮ್ಮಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ' ಎಂಬ ಸಾಲನ್ನು ನನ್ನಷ್ಟು ದುಂಡಗೆ ಬರೆಯುವವರು ಆ ಕಾಲದಲ್ಲಿ ಇರಲಿಲ್ಲವೆಂದು ಶಿರಸ್ತೇದಾರರೇ ಹೇಳುತ್ತಿದ್ದರು. ನಮ್ಮೂರಿಗೆ ಬೋರ್‌ವೆಲ್ ಬಂದದ್ದು, ಊರ ಮುಂದೆ ಬಸ್ಸು ನಿಲ್ಲತೊಡಗಿದ್ದು, ಕೊನೆಗೆ ತಾವು ವಾಸವಾಗಿರುವ ಈ ಹುಳು ಮನೆಗೆ ಸಹಾಯಧನ ದೊರೆತದ್ದು, ಎಲ್ಲವೂ ಈ ಕೈಬರಹದಿಂದಲೇ. ತಮ್ಮ ಪರವಾಗಿ ನಾನು ಬರೆದ ಅರ್ಜಿ ಮೊದಲನೇ ಸಲಕ್ಕೇ ಮಂಜೂರಾಯಿತೆಂಬುದನ್ನು ಇಲ್ಲಿ ನೆನಪಿಸುವುದು ಉಪಕಾರ ಹೇಳಿಕೊಳ್ಳಲು ಮಾತ್ರವಲ್ಲ, ಅದಕ್ಕೂ ಹೌದು.

ಈಗ ತಮ್ಮ ವೈಭವವನ್ನು ನಾಲ್ಕು ಮಾತಿನಲ್ಲಿ ಹೊಗಳಲು ಅಪ್ಪಣೆಯಾಗಬೇಕು. ಊಜಿ ನೊಣ ಒಳಗೆ ಬಾರದಂತೆ ತಮ್ಮ ಕಿಟಕಿಗೆ ನೈಲಾನ್ ಪರದೆಯಿದೆ. ಸೆಕೆಯಾದರೆ ಒದ್ದೆ ಗೋಣಿಚೀಲ ಇಳಿಬಿಡುತ್ತೇವೆ, ಚಳಿಯಾದರೆ ಕೆಂಡದ ಒಲೆ ಇಡುತ್ತೇವೆ. ಗೋಡೆಯ ಮೇಲೆ ಶಾಖ ತೋರಿಸುವ ಕಡ್ಡಿ ನೇತಾಡುತ್ತಿದ್ದು, ನನ್ನ ಮಗ ಬಾಲರಾಜು ಅದನ್ನು ನೋಡುವಷ್ಟು ಸಲ ತನ್ನ ಹೆತ್ತ ತಂದೆಯ ಮುಖವನ್ನು ನೋಡುವುದಿಲ್ಲ. ತಮಗೆ ಆಗದೆಂದು ಮನೆಯಲ್ಲಿ ಊದುಬತ್ತಿ ಹಚ್ಚುವುದಿಲ್ಲ. ಮೆಣಸಿನಕಾಯಿ ಒಗ್ಗರಣೆಗೆ ನನ್ನ ಹೆಂಡತಿ ಚಿಕ್ಕಲಕ್ಷ್ಮಮ್ಮ ಪಕ್ಕದ ಬೈರಪ್ಪನ ಮನೆಯ ಒಲೆಗೆ ಹೋಗಿ ಬರುತ್ತಾಳೆ. ಒಳಗೆ ಕಾಲಿಡುವವರು ಕಾಲು ತೊಳೆದು, ಬಾಗಿಲಲ್ಲಿ ಹರಡಿದ ಸುಣ್ಣದ ಪುಡಿಯನ್ನು ತುಳಿದೇ ಬರಬೇಕು. ಇಂಥ ಸೌಕರ್ಯವನ್ನು ತಿಂಗಳು ತುಂಬುವುದರೊಳಗೆ ಬಿಟ್ಟು ಹೋಗುವ ಜೀವಕ್ಕೆ ಒದಗಿಸಿದ ನಾಡು, ನೂರು ವರ್ಷ ಬಾಳಲೆಂದು ಹರಸಿದ ಜೀವಕ್ಕೆ ಏನು ಒದಗಿಸಿದೆ ಎಂಬಲ್ಲಿಂದ ನನ್ನ ದೂರು ಆರಂಭವಾಗುತ್ತದೆ.

ನಮ್ಮ ಪಕ್ಕದ ದೊಡ್ಡಮಳೂರಿನಲ್ಲಿ ಅಂಬೆಗಾಲಿಕ್ಕುವ ಕೃಷ್ಣನಿಗೆ ಕಲ್ಲಿನ ಗುಡಿಯಿದೆ. ಮಗುವಾಗಲೆಂದು ಹರಕೆ ಹೊತ್ತವರು ಅಲ್ಲಿ ತೊಟ್ಟಿಲು ಕಟ್ಟುತ್ತಾರೆ, ಮಕ್ಕಳೂ ಆಗುತ್ತವೆ. ಆದರೆ ಆ ಮಕ್ಕಳು ತೊಟ್ಟಿಲಿನಿಂದ ಇಳಿದ ಮೇಲೆ ಎಲ್ಲಿಗೆ ಹೋಗಬೇಕೆಂದು ಯಾರೂ ಹರಕೆ ಹೊತ್ತಂತಿಲ್ಲ. ಚನ್ನಪಟ್ಟಣದಲ್ಲಿ ಕಡೆದ ಮರದ ಗೊಂಬೆಗಳು ಹಡಗು ಹತ್ತಿ ಯಾವಯಾವುದೋ ದೇಶದ ಮಕ್ಕಳ ಕೋಣೆಗಳಿಗೆ ಹೋಗುತ್ತವಂತೆ. ಗೊಂಬೆ ನಮ್ಮದು, ಕೋಣೆ ಅವರದು. ಅಂಗನವಾಡಿಯಲ್ಲಿ ಮೂರು ತುಂಬಿದವರಿಗೆ ಚಾಪೆಯುಂಟು. ತುಂಬದವರಿಗೆ ಹಿಟ್ಟಿನ ಪೊಟ್ಟಣ ಕೊಟ್ಟು ಬಾಗಿಲಿನಿಂದಲೇ ಕಳಿಸುತ್ತಾರೆ. ತಾಯಂದಿರೋ, ಬೆಳಗಾಗುತ್ತಲೇ ಬರುವ ಗಾರ್ಮೆಂಟ್ಸ್ ವ್ಯಾನು ಹತ್ತಿ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಮಧ್ಯದ ಹೊತ್ತು ನಮ್ಮಂಥ ಮುದುಕರ ಸುಪರ್ದಿಗೆ. ನಾನು ಒಂದು ಕಾಲನ್ನು ಮಡಿಸುವಷ್ಟರಲ್ಲಿ ನನ್ನ ಮೊಮ್ಮಗಳು ಭಾನುಪ್ರಿಯ ಎರಡು ಮನೆ ದಾಟಿರುತ್ತಾಳೆ.

ಅವಳು ಹೀಗೆ ದಾಟಿ ದಾಟಿ ಒಂದು ದಿನ ರಸ್ತೆಯನ್ನು ತಲುಪಿದಳು. ತಮಗೆ ಹೊರಗಿನ ಲೋಕ ತಿಳಿಯದಾದ್ದರಿಂದ ವಿವರಿಸುತ್ತೇನೆ: ಹಿಂದೆ ಎತ್ತಿನ ಗಾಡಿ ಓಡಾಡುತ್ತಿದ್ದ ನಮ್ಮೂರ ರಸ್ತೆಯಲ್ಲಿ, ಮೇಲಿನ ಹೊಲಗಳಲ್ಲಿ ಫ್ಯಾಕ್ಟರಿ ಏಳಲು ಶುರುವಾದಂದಿನಿಂದ ಮಣ್ಣಿನ ಟಿಪ್ಪರುಗಳು ಒಂದರ ಬಾಲವನ್ನು ಇನ್ನೊಂದು ಹಿಡಿದಂತೆ ಓಡುತ್ತಿವೆ. ಅವುಗಳಲ್ಲೊಂದರ ಚಾಲಕ ಗಫಾರ್ ಎಂಬ ಪುಣ್ಯಾತ್ಮ ಗಾಡಿ ನಿಲ್ಲಿಸಿ, ಮಗುವನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, "ಯಜಮಾನ್ರೆ, ಇದು ನಿಮ್ದಾ? ರೋಡ್ ಮಧ್ಯದಾಗೆ ಕುಂತ್ಕೊಂಡು ನನ್ ಗಾಡೀನ ಬಾ ಬಾ ಅಂತ ಕರೀತಾ ಐತೆ! ನಾನೂ ಹಂಗೇ ಬಂದ್ಬುಟ್ಟಿದ್ರೆ ಏನಾಗಿರೋದು?" ಎಂದು ನನ್ನ ಮಡಿಲಿಗೆ ಹಾಕಿದನು. ಮಗು ಮಾತ್ರ ಅವನ ಮೀಸೆಯನ್ನು ಬಿಡಲೊಲ್ಲದು.

ಅಂದೇ ನಾನು ನನ್ನ ಬಾಳಿನ ಅತ್ಯುತ್ತಮ ಅರ್ಜಿಯನ್ನು ಬರೆದು, ಊರಿನ ಎಳೆ ಮಕ್ಕಳಿಗೆ ಸೂರಿನಡಿ ಆಡಲು ಒಂದು ಕೋಣೆ ಬೇಕೆಂದು, ಸಮುದಾಯ ಭವನವನ್ನಾದರೂ ಹಗಲು ಹೊತ್ತು ತೆರೆಯಬೇಕೆಂದು ಪಂಚಾಯಿತಿಗೆ ಸಲ್ಲಿಸಿದೆನು. ಮದುವೆಗಳಿಗೆಂದು ಕಟ್ಟಿದ ಆ ಭವನ, ಮದುವೆಗಳೆಲ್ಲ ಪೇಟೆಯ ಛತ್ರಗಳಿಗೆ ಹೋದ ಮೇಲೆ, ಒಡೆದ ಪೈಪುಗಳ ಮತ್ತು ಉರಿಯದ ಬೀದಿದೀಪಗಳ ವಿಶ್ರಾಂತಿಧಾಮವಾಗಿದೆ. ಸದಸ್ಯ ಅನಂತರಾಜು ಅರ್ಜಿಯನ್ನು ಓದಿ, ನನ್ನ ಅಕ್ಷರವನ್ನು ಮೆಚ್ಚಿ, "ಅಲ್ಲಾ ತಿಮ್ಮಣ್ಣ, ಆಡಕ್ಕೂ ಒಂದ್ ಬಿಲ್ಡಿಂಗಾ? ನಾವೇನ್ ಬಿಲ್ಡಿಂಗ್ನಾಗೆ ಆಡಿ ಬೆಳೆದ್ವಾ? ಮಣ್ಣಾಗೆ ಬಿದ್ದು ಎದ್ದು ಬೆಳೀಲಿ ಬುಡು" ಎಂದು ಅಪ್ಪಣೆ ಕೊಡಿಸಿದರು. ಅವರು ಹೇಳುವ ಮಣ್ಣು ಈಗ ಟಿಪ್ಪರಿನಲ್ಲಿ ಕುಳಿತು ಫ್ಯಾಕ್ಟರಿಯ ತಳಪಾಯಕ್ಕೆ ಹೋಗುತ್ತಿದೆಯೆಂದು ನಾನು ವಿನಯದಿಂದ ತಿಳಿಸಿದೆ. "ಆ ಥರ ಸ್ಕೀಮ್ ಇಲ್ಲ ಕಣಣ್ಣ. ಹುಳೀನ ಮನೆ ಬೇಕಾದ್ರೆ ಹೇಳು, ಇನ್ನೊಂದು ಬರ್ಕೊಡು" ಎಂದರು.

ಮಾನ್ಯರೇ, ಈ ಮಾತೇ ಚಿಕ್ಕಲಕ್ಷ್ಮಮ್ಮನ ತಲೆಯನ್ನು ಹೊಕ್ಕಿತು. ತಮ್ಮ ಹಿಂದಿನ ಒಂದು ತಲೆಮಾರಿನವರು ಆಗಷ್ಟೇ ಗೂಡಾಗಿ ರಾಮನಗರದ ಮಾರುಕಟ್ಟೆಗೆ ತೆರಳಿದ್ದರು. ಹುಳು ಮನೆ ತೊಳೆದು ಖಾಲಿ ಬಿದ್ದಿತ್ತು. ಅವಳು ಅಟ್ಟಣಿಗೆಗಳನ್ನು ಗೋಡೆಗೆ ಒರಗಿಸಿ, ಚಾಪೆ ಹಾಸಿ, ಭಾನುಪ್ರಿಯಳನ್ನೂ, ಬೈರಪ್ಪನ ಅವಳಿ ಮೊಮ್ಮಕ್ಕಳನ್ನೂ, ಹೊಸ ಹಲ್ಲು ಬಂದ ಸಂತೋಷಕ್ಕೆ ಕಂಡದ್ದನ್ನೆಲ್ಲ ಕಚ್ಚುತ್ತಿದ್ದ ಅಂಗಡಿ ರೇವಮ್ಮನ ಮೊಮ್ಮಗ ರುದ್ರಪ್ರಸಾದನನ್ನೂ ಒಳಗೆ ಬಿಟ್ಟಳು. ಆದರೆ ಅವಳು ತಮ್ಮ ಸೇವೆಯಲ್ಲಿ ನುರಿತವಳು. ಕಾಲು ತೊಳೆಯದೆ ಹುಳು ಮನೆಗೆ ಯಾರನ್ನೂ ಬಿಟ್ಟವಳಲ್ಲ. ಆದ್ದರಿಂದ ಮಕ್ಕಳ ಕಾಲನ್ನೂ ತೊಳೆದಳು, ಹಣೆಯ ಪೌಡರನ್ನು ಸೆರಗಿನಿಂದ ಒರೆಸಿದಳು, ಎಳೆ ಪಾದಕ್ಕೆ ಸುಣ್ಣ ಉರಿಯುತ್ತದೆಂದು ಬಾಗಿಲಲ್ಲಿ ಮೊರದ ತುಂಬ ರಾಗಿ ಹಿಟ್ಟು ಹರಡಿ, ಅದನ್ನು ತುಳಿಸಿಯೇ ಒಳಗೆ ಕರೆದಳು. ಒಳಗೆ ಒಂದೇ ಒಂದು ಹುಳುವಿಲ್ಲ ಎಂದು ನಾನು ನೆನಪಿಸಿದಾಗ, "ನೀವ್ ಸುಮ್ಕಿರಿ. ಹುಳೀನ ಮನೆ ಅಂದ್ಮೇಲೆ ಹುಳೀನ ಮನೇನೇಯ" ಎಂದಳು.

ಸಂಜೆ ಬಾಲರಾಜು ಬಂದು ನೋಡುತ್ತಾನೆ: ತಾನು ಚಪ್ಪಲಿ ಬಿಟ್ಟು ಬೆರಳ ತುದಿಯಲ್ಲಿ ನಡೆಯುವ ಜಾಗದಲ್ಲಿ ಅವಳಿಗಳು ಕುಸ್ತಿ ಹಿಡಿದಿವೆ, ರುದ್ರಪ್ರಸಾದ್ ಹುಳು ಗೂಡು ಕಟ್ಟುವ ಚಂದ್ರಿಕೆಯ ಬಿದಿರನ್ನು ಕಚ್ಚುತ್ತಿದ್ದಾನೆ. "ಯಾರಪ್ಪ ಇವ್ರನ್ನ ಒಳಿಕ್ ಬುಟ್ಟೋರು? ನಾಳೆ ಹುಳಕ್ಕೆ ಸುಣ್ಣಕಟ್ಟು ರೋಗ ಬಂದ್ರೆ ಈ ರೌಡಿಗಳು ಗೂಡು ಕಟ್ಟಿ ಕೊಡ್ತಾರಾ?" ಎಂದು ಕೂಗಾಡಿದನು. ಮಕ್ಕಳು ಹೋದ ಮೇಲೆ ಎರಡೆರಡು ಸಲ ಔಷಧಿ ಹೊಡೆದನು. ಆದರೆ ಮುಂದಿನ ಬೆಳೆಗೆ ಒಂದು ಹುಳುವೂ ಕೆಮ್ಮಲಿಲ್ಲ. ಗೂಡು ಗಟ್ಟಿಯಾಗಿ, ಬೆಳ್ಳಗೆ, ನೋಡಿದವರ ಕಣ್ಣು ತಾಗುವಂತೆ ಬಂತು. ಎರಡೆರಡು ಸಲ ಹೊಡೆದ ಔಷಧಿಯ ಹೆಸರನ್ನು ಊರಿನಲ್ಲಿ ಯಾರೂ ಎತ್ತಲಿಲ್ಲ. "ತಿಮ್ಮಣ್ಣನ ಹುಳೀನ ಮನೇಲಿ ಮಕ್ಕಳು ಕಾಲಾಡ್ಸವೆ, ಅದ್ಕೇ ಹಂಗೆ ಬೆಳೆ" ಎಂಬ ಮಾತು ಹಬ್ಬಿ, ಹುಳು ಮನೆ ಖಾಲಿಯಾದವರೆಲ್ಲ ತಾವೇ ಬಂದು, "ಒಸಿ ನಿಮ್ಮ ಮಕ್ಕಳನ್ನ ನಮ್ಮನೆಗೂ ಕಳ್ಸಿ" ಎಂದು ಕರೆಯತೊಡಗಿದರು.

ಹೀಗೆ ಸರ್ಕಾರಕ್ಕೆ ಹೊಳೆಯದ ಯೋಜನೆ ನಮ್ಮೂರಿನಲ್ಲಿ ತಾನಾಗಿಯೇ ಜಾರಿಗೆ ಬಂತು. ಒಬ್ಬರ ಮನೆಯ ಹುಳು ಜ್ವರದಲ್ಲಿದ್ದರೆ ಇನ್ನೊಬ್ಬರ ಮನೆಯದು ಗೂಡು ಕಟ್ಟುವಷ್ಟು ಹಣ್ಣಾಗಿರುತ್ತಿತ್ತು, ಮತ್ತೊಬ್ಬರದು ಖಾಲಿ; ಮಕ್ಕಳ ದಂಡು ರಾಗಿ ಹಿಟ್ಟಿನ ಮೊರದ ಸಮೇತ ಒಂದು ಹುಳು ಮನೆಯಿಂದ ಇನ್ನೊಂದಕ್ಕೆ ಸವಾರಿ ಹೊರಡುತ್ತಿತ್ತು. ನನ್ನ ಸೊಸೆ, ಭಾನುಪ್ರಿಯಳ ತಾಯಿ ರಾಧಾಮಣಿ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿಯಿಂದ ಫೋನು ಮಾಡಿ, "ಮಗು ಎಲ್ಲದೆ ಮಾವ?" ಎಂದು ಕೇಳುವುದನ್ನೇ ಬಿಟ್ಟಳು. ಅವಳ ಕೈಯ ಹೊಲಿಗೆಯನ್ನು ಮೆಚ್ಚಿ ಲೈನಿನ ಮೇಲ್ವಿಚಾರಕಿ ಮಾಡುವ ಮಾತೂ ಬಂದಿತ್ತು.

ಅಷ್ಟರಲ್ಲಿ ತಾವು ಬಂದಿರಿ. ಬಂದದ್ದು ತಪ್ಪಲ್ಲ, ಎಲ್ಲರೂ ಒಂದೇ ದಿನ ಬಂದದ್ದು ತಪ್ಪು. ಹಿಂದೆ ಪ್ರತಿ ಮನೆಯವರೂ ತಮಗೆ ಬೇಕಾದಾಗ ಮೊಟ್ಟೆ ತಂದು ಮರಿ ಮಾಡಿಕೊಳ್ಳುತ್ತಿದ್ದರು. ಈಗ ಹೊಸದಾಗಿ ಆದ ಚಾಕಿ ಕೇಂದ್ರದಲ್ಲಿ ತಮ್ಮನ್ನು ಎರಡನೇ ಜ್ವರದವರೆಗೆ ಒಟ್ಟಿಗೆ ಸಾಕಿ, ಒಂದೇ ವ್ಯಾನಿನಲ್ಲಿ, ಒಂದೇ ಬೆಳಿಗ್ಗೆ, ಊರಿನ ಎಲ್ಲ ಹುಳು ಮನೆಗಳಿಗೂ ಇಳಿಸಿಬಿಟ್ಟರು. (ಎಳೆಯ ಹುಳುಗಳಿಗೆಂದೇ ಪ್ರತ್ಯೇಕ ಕೇಂದ್ರ, ಅವುಗಳಿಗೆ ವ್ಯಾನು! ನನ್ನ ಹೊಟ್ಟೆಯುರಿಯನ್ನು ಈ ಕಂಸದೊಳಗೆ ಮುಚ್ಚಿಟ್ಟಿದ್ದೇನೆ.) ಮಾರನೆಯ ದಿನ ಮಕ್ಕಳು ವಾಡಿಕೆಯಂತೆ ಸಾಲಾಗಿ ಹೋಗಿ ಕಾಲು ಚಾಚಿ ನಿಂತರೆ ಪ್ರತಿ ಬಾಗಿಲಲ್ಲೂ ಸುಣ್ಣ. ಒಂದು ಮನೆಯಲ್ಲೂ ರಾಗಿ ಹಿಟ್ಟಿಲ್ಲ.

ಮೂರನೆಯ ದಿನ ಅದೇ ಗಫಾರ್ ಅದೇ ಮಗುವನ್ನು ಅದೇ ಕಂಕುಳಲ್ಲಿ ತಂದನು. ಅವಳನ್ನು ಜಗುಲಿಯ ಮೇಲೆ ಕೂರಿಸಿ, ನನ್ನ ಮುಖವನ್ನು ನೋಡಿ, ಹೋದನು. ಸಂಜೆ ವ್ಯಾನಿನಿಂದ ಇಳಿದ ರಾಧಾಮಣಿಗೆ ಬೀದಿಯೇ ಸುದ್ದಿ ಮುಟ್ಟಿಸಿತ್ತು. ಅವಳು ಸಿಟ್ಟಾಗಿದ್ದರೆ ನಾನು ಸಮರ್ಪಕವಾದ ಉತ್ತರವನ್ನು ಕೊಡುತ್ತಿದ್ದೆ. "ನಿಮ್ಮ ತಪ್ಪಲ್ಲ ಬುಡಿ ಮಾವ. ನಿಮ್ಗೂ ವಯಸ್ಸಾಯ್ತು. ಈ ತಿಂಗಳು ಮುಗೀಲಿ, ಕೆಲಸ ಬುಟ್ಬುಡ್ತೀನಿ" ಎಂದು ಹೇಳಿ, ಟಿಫನ್ ಡಬ್ಬಿ ತೊಳೆಯಲು ಹೋದಳು. ಐವತ್ತು ವರ್ಷ ಪರರ ಕಷ್ಟಕ್ಕೆ ಅರ್ಜಿ ಬರೆದ ನಾನು ಆ ಡಬ್ಬಿಯ ಸದ್ದು ಕೇಳುತ್ತಲೇ ಹೊಸ ಹಾಳೆ ತೆಗೆದು ಈ ಪತ್ರಕ್ಕೆ ಕುಳಿತೆ.

ಆದ್ದರಿಂದ, ಮಾನ್ಯರೇ, ಕೆಳಕಂಡ ಬೇಡಿಕೆಗಳನ್ನು ಮನ್ನಿಸಬೇಕೆಂದು ಕೋರುತ್ತೇನೆ. ಇನ್ನು ಮುಂದೆ ತಾವು ಮನೆಮನೆಗೆ ಸರದಿಯಲ್ಲಿ ಜ್ವರ ಬರಿಸಿಕೊಳ್ಳಬೇಕು. ಅದು ಸಾಧ್ಯವಾಗದಿದ್ದರೆ ನಮ್ಮ ಮಕ್ಕಳನ್ನು ತಮ್ಮ ಜಾತಿಗೆ ಸೇರಿಸಿಕೊಂಡು, ಅವರು ಕೂಡ ಹುಳುಗಳೇ ಎಂದು ಒಂದು ದೃಢೀಕರಣ ಪತ್ರ ಕೊಡಬೇಕು. ಅವರಿಗೂ ಪರದೆ, ಒದ್ದೆ ಗೋಣಿ, ಶಾಖದ ಕಡ್ಡಿ ತಾವಾಗಿಯೇ ಬರುತ್ತವೆ. ಸೊಪ್ಪು ತಿನ್ನಿಸುವ ಹೊಣೆ ನನ್ನದು. ರುದ್ರಪ್ರಸಾದ್ ಈಗಾಗಲೇ ಸಿದ್ಧನಿದ್ದಾನೆ. ಅದೂ ಆಗದಿದ್ದರೆ, ತಮ್ಮ ಮಾತಿಗೆ ಪಂಚಾಯಿತಿಯಲ್ಲಿ ತೂಕವಿರುವುದರಿಂದ, ತಾವೇ ಖುದ್ದು ಹೋಗಿ ಸಮುದಾಯ ಭವನವನ್ನು ಕೇಳಿ ಪಡೆದು ಅಲ್ಲಿ ಸುಖವಾಗಿ ಗೂಡು ಕಟ್ಟಿಕೊಳ್ಳಬೇಕು.

ಈ ಕೊನೆಯದು ಬೇಡಿಕೆಯಲ್ಲ, ನೋಟೀಸೆಂದು ತಿಳಿಯತಕ್ಕದ್ದು. ಹುಳು ಮನೆಯ ಖಾತೆ ಇಂದಿಗೂ ನನ್ನ ಹೆಸರಿನಲ್ಲಿದೆ. ಪ್ರಸ್ತುತ ಬೆಳೆಗೆ ತಮ್ಮನ್ನು ಕದಲಿಸುವುದಿಲ್ಲ. ಅಲ್ಲಿಯವರೆಗೆ ನಾನು ಮತ್ತು ಬೈರಪ್ಪ ಹಗಲೆಲ್ಲ ರಸ್ತೆಯ ಬದಿಗೆ ಮಂಚ ಅಡ್ಡ ಹಾಕಿಕೊಂಡು ಕಾವಲಿರುತ್ತೇವೆ. ಆದರೆ ತಾವು ಗೂಡಾಗಿ ರಾಮನಗರದ ದಾರಿ ಹಿಡಿದ ದಿನ ಬಾಗಿಲಲ್ಲಿ ರಾಗಿ ಹಿಟ್ಟು ಬೀಳುತ್ತದೆ, ಪಂಚಾಯಿತಿ ಭವನದ ಬೀಗ ತೆಗೆಯುವವರೆಗೆ ಸುಣ್ಣ ಬೀಳುವುದಿಲ್ಲ. ಇದನ್ನು ಬಾಲರಾಜುವಿಗೆ ಓದಿ ಹೇಳಿದಾಗ ಅವನು ಶಾಖದ ಕಡ್ಡಿಯ ಮೇಲಿನ ಕಣ್ಣು ತೆಗೆಯದೆ, "ಒಂದ್ ಬೆಳೆ ಬುಡ್ತೀನಿ ಕಣಪ್ಪ. ಒಂದೇ" ಎಂದನು. ಆಮೇಲೆ ಒಳಗೆ ಹೋಗಿ ಹೆಂಡತಿಗೆ, "ಈ ತಿಂಗ್ಳು ಕೆಲಸ ಬುಡ್ಬೇಡ, ನೋಡನ" ಎಂದದ್ದು ನನ್ನ ಕಿವಿಗೆ ಬಿತ್ತು. ಆ ಒಂದು ಬೆಳೆ ಪಂಚಾಯಿತಿಗೆ ಕೊಟ್ಟ ವಾಯಿದೆಯೆಂದು ಸಂಬಂಧಪಟ್ಟವರು ಭಾವಿಸತಕ್ಕದ್ದು.

ತಮ್ಮ ಜ್ವರ ಸುಖವಾಗಿ ಇಳಿಯಲೆಂದು ಹಾರೈಸುವ,

ತಮಗೆ ಸೊಪ್ಪು ಹೊರುವವನೂ ತಮ್ಮ ವಿಶ್ವಾಸಿಯೂ ಆದ
ತಿಮ್ಮಯ್ಯ

ಮರೆತು ಉಳಿದ ಮಾತು: ಇದರ ಒಂದು ಪ್ರತಿಯನ್ನು ಪಂಚಾಯಿತಿಗೆ ಕೊಟ್ಟು, ಇನ್ನೊಂದನ್ನು ಸಮುದಾಯ ಭವನದ ಬಾಗಿಲಿಗೆ ಅಂಟಿಸಿದೆ. ತಾವು ಸೊಪ್ಪು ತಿಂದದ್ದಕ್ಕೆ ರೇಷ್ಮೆಯನ್ನಾದರೂ ಕೊಡುತ್ತೀರಿ. ಅಲ್ಲಿ ನನ್ನ ಅರ್ಜಿಯನ್ನು ತಿಂದವರು ಈವರೆಗೆ ಒಂದು ಎಳೆಯನ್ನೂ ಬಿಟ್ಟಿಲ್ಲ.

ಅಡಕ: ಅರ್ಜಿದಾರಳು ಕುಮಾರಿ ಭಾನುಪ್ರಿಯಳ ಹೆಬ್ಬೆಟ್ಟಿನ ಬದಲಿಗೆ, ರಾಗಿ ಹಿಟ್ಟಿನಲ್ಲಿ ಅದ್ದಿ ಹಾಳೆಯ ಮೇಲೆ ಒತ್ತಿದ ಎಡಗಾಲಿನ ಗುರುತು, ಒಂದು. ಬಲಗಾಲು ಒತ್ತಿಸುವಷ್ಟರಲ್ಲಿ ಅವಳು ರಸ್ತೆಯ ಕಡೆಗೆ ಹೊರಟಿದ್ದರಿಂದ ಪತ್ರವನ್ನು ಇಲ್ಲಿಗೇ ನಿಲ್ಲಿಸಿದೆ.