ತಮ್ಮನ ಅಪ್ಪಣೆ ಕೇಳದೆ ಒಂದಾದ ಕಂಪನಿಗಳು

ಭಾನುವಾರ, ಬೆಳಗ್ಗೆ ಆರು ಗಂಟೆ, ಅಡ್ಯಾರಿನ ನಮ್ಮ ಮನೆಯ ಹಾಲ್. ಹಾಜರಿದ್ದವರು: ನಾನು ಮತ್ತು ನನ್ನ ತಮ್ಮ. ವಿಷಯ: ಎರಡು ವೀಡಿಯೋ ಗೇಮ್ ಕಂಪನಿಗಳ ವಿಲೀನ.

ಜಗತ್ತಿನಲ್ಲಿ ಯಾವ ಗೇಮ್ ಕಂಪನಿ ಇನ್ನೊಂದನ್ನು ಕೊಳ್ಳಬೇಕಾದರೂ ನನ್ನ ತಮ್ಮನ ಅಪ್ಪಣೆ ಬೇಕು. ಇದು ಆ ಕಂಪನಿಗಳಿಗೆ ಮಾತ್ರ ಇನ್ನೂ ತಿಳಿದಿಲ್ಲ! ವಿಮಾ ಕಚೇರಿಯಿಂದ ನಿವೃತ್ತನಾದ ಈ ಮನುಷ್ಯ ಸಂಜೆಯಾದರೆ ಟೀವಿಯ ಮುಂದೆ ಕೂತು ಲಾರಿ ಓಡಿಸುತ್ತಾನೆ. ನಿಜ ಜೀವನದಲ್ಲಿ ಸ್ಕೂಟರನ್ನೂ ಕಲಿತವನಲ್ಲ. ಆಟದಲ್ಲೂ ಕೆಂಪು ದೀಪ ಕಂಡರೆ ನಿಂತುಬಿಡುತ್ತಾನೆ. ಹಿಂದಿನಿಂದ ಬರುವವರು ಯಾವ ಯಾವ ದೇಶದ ಭಾಷೆಯಲ್ಲೋ ಬೈಯುತ್ತಾರೆ. "ಇವರಿಗೆಲ್ಲ ಯಾರಪ್ಪಾ ಲೈಸೆನ್ಸ್ ಕೊಟ್ಟೋರು!" ಎಂದು ಇವನು ಟೀವಿಯನ್ನು ಗದರುತ್ತಾನೆ.

ಅವನ ಲಾರಿಯ ಜೊತೆ ದಿನವೂ ಇನ್ನೊಂದು ಲಾರಿ ಹೊರಡುತ್ತದೆ. ಅದನ್ನು ತನ್ನ ಮನೆಯಿಂದಲೇ ಇಂಟರ್ನೆಟ್ಟಿನ ಮೂಲಕ ಓಡಿಸುವವನು ಟಿ. ನಗರದಲ್ಲಿರುವ ಗೆಳೆಯ. ಮದುವೆಗೆ ಮುಂಚೆ ಇಬ್ಬರೂ ತ್ರಿಪ್ಲಿಕೇನಿನ ಲಾಡ್ಜೊಂದರ ಒಂದೇ ಕೋಣೆಯಲ್ಲಿದ್ದವರು. ಹೋದ ವರ್ಷ ಪಾರ್ಶ್ವವಾಯು ಬಡಿದು ಗೆಳೆಯನ ಬಲಗೈಯೂ ಮಾತೂ ಹೋದವು. ಎಡಗೈಯೊಂದರಲ್ಲೇ ಆಡುವಂತೆ ಅವನ ಕನ್ಸೋಲಿಗೆ, ಅಂದರೆ ಟೀವಿಗೆ ಜೋಡಿಸುವ ಆಟದ ಪೆಟ್ಟಿಗೆಗೆ, ಮನೆಯವರು ಬೇರೆ ಗುಂಡಿಗಳನ್ನು ಜೋಡಿಸಿಕೊಟ್ಟಿದ್ದಾರೆ. ಅವು ಬೇರೆ ಕಂಪನಿಯ ಕನ್ಸೋಲಿಗೆ ಹೊಂದುವುದಿಲ್ಲ. ತೊಂದರೆ ಇರುವುದೇ ಇಲ್ಲಿ. ಲಾರಿ ಆಟದ ಕಂಪನಿಯನ್ನು ಕೊಳ್ಳಲು ಹೊರಟದ್ದು ನನ್ನ ತಮ್ಮನ ಕನ್ಸೋಲ್ ತಯಾರಿಸುವವರು. ಗೆಳೆಯನದು ಎದುರಾಳಿ ಕಂಪನಿಯದು. ಕೊಂಡ ಮೇಲೆ ಆ ಕನ್ಸೋಲಿಗೆ ಆಟ ಕೊಡುವುದನ್ನೇ ನಿಲ್ಲಿಸಿಬಿಟ್ಟರೆ?

ಸುದ್ದಿ ಮೊದಲು ಬಂದಾಗಲೇ ನಾನು ಹೇಳಿದ್ದೆ, "ನಿಲ್ಸಲ್ಲ ಅಂತ ಅವರೇ ಅಂದಿದಾರಲ್ಲೋ."

"ಏಳಕ್ಕಾ, ಸ್ಥಳ ಪರಿಶೀಲನೆಗೆ ಹೋಗೋಣ."

ಸ್ಥಳ ಯಾವುದೆಂದುಕೊಂಡಿರಿ? ತ್ರಿಪ್ಲಿಕೇನಿನ ಮೆಸ್! ಎದುರುಬದುರಿದ್ದ ಎರಡು ಮೆಸ್ಸುಗಳಲ್ಲಿ ಒಂದರವರು ಇನ್ನೊಂದನ್ನು ಕೊಂಡಿದ್ದರು. ನನ್ನ ತಮ್ಮ ಆ ಕಡೆ ಒಂದು ಊಟ, ಈ ಕಡೆ ಒಂದು ಊಟ ಮುಗಿಸಿ ಬಡಿಸುವವರನ್ನು ವಿಚಾರಣೆಗೆ ಹಿಡಿದ.

"ರೆಂಡುಮ್ ಒಣ್ಣುದಾನ್ ಸಾರ್," ಎಂದು ಅವರು ತಮಿಳಿನಲ್ಲಿ ಹೇಳಿ ನಕ್ಕರು. ಅಡುಗೆ ಒಂದೇ, ಬೋರ್ಡು ಮಾತ್ರ ಎರಡಂತೆ.

"ನೋಡ್ದ್ಯಾ? ಇವರೂ ಏನೂ ಬದಲಾಗಲ್ಲ ಅಂದಿದ್ರು. ಪೈಪೋಟಿ ಹೋಯ್ತು, ಸಾಂಬಾರಲ್ಲಿ ಬೇಳೆ ಹೋಯ್ತು!"

"ಮತ್ತೆ ಎರಡನೇ ಸಲ ಯಾಕೋ ಹಾಕಿಸ್ಕೊಂಡೆ?"

"ಸಾಕ್ಷಿ ಬೇಡ್ವಾ?"

ವಿಲೀನವನ್ನು ಪರಿಶೀಲಿಸುತ್ತಿದ್ದ ನಿಯಂತ್ರಣ ಸಂಸ್ಥೆ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ಸಾರ್ವಜನಿಕರೆಂದರೆ ತಾನೇ ಎಂದು ಇವನು ತಿಳಿದ. ಆಕ್ಷೇಪಣೆ ಬರೆದ, ಅದರಲ್ಲಿ ಸಾಂಬಾರಿನದೇ ಮುಕ್ಕಾಲು ಪಾಲು. ನಾನು ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವಳು, ಬಿಡುತ್ತೇನೆಯೆ? ಕೆಂಪು ಪೆನ್ನಿನಿಂದ ಸಾಂಬಾರನ್ನು ಹೊಡೆದುಹಾಕಿದೆ. ನಾನು ಅತ್ತ ಹೋದೊಡನೆ ಅದನ್ನು ಮತ್ತೆ ಸೇರಿಸಿ ಕಳಿಸಿದ! ಅರ್ಜಿ ತಲುಪಿದೆ, ಧನ್ಯವಾದ ಎಂದು ಕಂಪ್ಯೂಟರ್ ತಾನಾಗಿಯೇ ಉತ್ತರ ಕೊಟ್ಟಿತು.

"ಧನ್ಯವಾದ ಅಂದಿದಾರೆ ಅಕ್ಕಾ. ಅಂದ್ರೆ ಒಪ್ಪಿದಾರೆ!"

ಆ ದಿನ ಮನೆಯಲ್ಲಿ ಪಾಯಸ.

ಈ ಭಾನುವಾರದ ಪತ್ರಿಕೆಯಲ್ಲಿ ತೀರ್ಪು ಬಂದಿತ್ತು. ವಿಲೀನಕ್ಕೆ ಒಪ್ಪಿಗೆ, ಆದರೆ ಮುಂದಿನ ಕೆಲವು ವರ್ಷ ಎಲ್ಲ ಕಂಪನಿಗಳ ಕನ್ಸೋಲಿಗೂ ಆಟ ಕೊಡಲೇಬೇಕೆಂಬ ಷರತ್ತು.

"ಗೆದ್ದೆಯಲ್ಲೋ!" ಎಂದೆ.

"ಎಲ್ಲಿ ಗೆದ್ದೆ? ಕೆಲವು ವರ್ಷ ಅಂತೆ. ಆಮೇಲೆ?"

"ಆಮೇಲೆ ನಿಮ್ಮಿಬ್ರಿಗೂ ಎಂಬತ್ತರ ಹತ್ರ ಆಗಿರತ್ತೆ. ಲಾರಿ ಓಡ್ಸೋ ವಯಸ್ಸೇನೋ ಅದು?"

ಅವನು ನಗಲಿಲ್ಲ. ನಾನು ಸುಮ್ಮನಿರಬಾರದೆ? "ಅಷ್ಟಕ್ಕೂ ಟಿ. ನಗರ ಏನು ದೂರಾನಾ? ಬಸ್ ಹತ್ತಿ ಹೋಗಿ ಅವನ ಪಕ್ಕ ಕೂತು ಬಾ. ಅದನ್ನ ಯಾವ ಕಂಪನಿ ತಡಿಯತ್ತೆ?"

ತಮ್ಮ ಪತ್ರಿಕೆಯನ್ನು ಮಡಿಸಿದ. ಮತ್ತೆ ಬಿಡಿಸಿದ.

"ಹೋಗ್ತೀನಲ್ಲಕ್ಕಾ. ಹೋದಾಗೆಲ್ಲ ಏನೋ ಹೇಳ್ಬೇಕು ಅಂತ ಒದ್ದಾಡ್ತಾನೆ. ಮಾತು ಬರಲ್ಲ. ನಂಗೆ ಅರ್ಥ ಆಗ್ಲಿಲ್ಲ ಅಂತ ಗೊತ್ತಾದ್ರೆ ಅಳ್ತಾನೆ. ಲಾರೀಲಿ ಹಾಗಲ್ಲ. ಅವನು ಲೈಟ್ ಹಾಕ್ತಾನೆ, ನಾನು ಹಾರನ್ ಹೊಡೀತೀನಿ. ಅಲ್ಲಿ ಅವನಿಗೆ ಏನೂ ಆಗಿಲ್ಲ."



ಸಂಜೆ ಮೊದಲ ಸಲ ನಾನೂ ಟೀವಿಯ ಮುಂದೆ ಕೂತೆ. ಪರದೆಯ ಮೇಲೆ ಬೆಟ್ಟದ ದಾರಿ. ದೂರದ ತಿರುವಿನಲ್ಲಿ ಲಾರಿಯೊಂದು ಪಕ್ಕಕ್ಕೆ ನಿಂತಿತ್ತು; ನಮ್ಮದನ್ನು ಕಂಡು ಎರಡು ಸಲ ದೀಪ ಮಿನುಗಿಸಿತು.

"ಏನಂತೋ?"

"ಯಾಕೋ ಲೇಟು ಅಂತ ಕೇಳ್ತಿದಾನೆ."

"ಅಕ್ಕ ಮಾತಿಗೆ ಹಿಡ್ಕೊಂಡಿದ್ಲು ಅಂತ ಹೇಳು."

ತಮ್ಮ ಹಾರನ್ ಹೊಡೆದ. ಆ ಕಡೆಯಿಂದ ದೀಪಗಳು ಬಿಡದೆ ಮಿನುಗಿದವು, ನಕ್ಕ ಹಾಗೆ. ಆಮೇಲೆ ಒಂದರ ಹಿಂದೆ ಒಂದು ಬೆಟ್ಟ ಇಳಿದು, ಗೋದಾಮಿನಲ್ಲಿ ಗೋಧಿ ಇಳಿಸಿ, ಎರಡೂ ಲಾರಿಗಳು ಅಕ್ಕಪಕ್ಕ ನಿಂತವು. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.