ನೋರ್ಬಿಗೊಬ್ಬ ನರ್ಸಮ್ಮ

ಉತ್ತರ ಡಕೋಟಾ ರಾಜ್ಯದ ನೋರ್ಬಿ ಪಟ್ಟಣದಲ್ಲಿ ಆರುನೂರ ಹನ್ನೆರಡು ಮಂದಿ ಇದ್ದು, ಅವರಲ್ಲಿ ಒಬ್ಬರಿಗೂ ಯಾವ ಕಾಯಿಲೆಯೂ ಇಲ್ಲವೆಂಬುದು ಸರ್ಕಾರದ ಕಡತಗಳಿಂದ ಸಂಶಯಾತೀತವಾಗಿ ಸಾಬೀತಾಗಿದೆ. ಆ ಆರುನೂರ ಹನ್ನೆರಡರಲ್ಲಿ ಒಬ್ಬಳಾದ ಆರ್ಡಿಸ್ ಟೋಲೆಫ್ಸ್ರುಡ್‌ಳ ಎದೆ ಮಾತ್ರ, ಕಡತ ಏನೇ ಹೇಳಲಿ, ಆಗಾಗ ಹಗ್ಗ ಹರಿದ ಕರುವಿನ ಹಾಗೆ ಓಡುತ್ತಿತ್ತು. ಅದನ್ನು ಕಟ್ಟಿಹಾಕುವ ಬಿಳಿ ಗುಳಿಗೆಗಳು ಡಬ್ಬಿಯಲ್ಲಿ ನಲವತ್ತು ಉಳಿದಿದ್ದವು. ದಿನಕ್ಕೊಂದು.

ಹದಿನೆಂಟು ವರ್ಷ ಆ ಊರಿನ ದೊಡ್ಡವರ ನಾಡಿ ಹಿಡಿದವಳು ಗುಡ್ರುನ್ ಎಂಬ ನರ್ಸ್ ಪ್ರಾಕ್ಟೀಷನರ್. ಡಾಕ್ಟರಲ್ಲ, ಆದರೆ ಪರೀಕ್ಷೆ ಮಾಡಿ, ಔಷಧಿ ಬರೆದು, ಕೆಳಗೆ ಸಹಿ ಹಾಕುವ ಅಧಿಕಾರವಿತ್ತು. ಊರಿಗೆ ಅಷ್ಟು ಧಾರಾಳ ಸಾಕಿತ್ತು, ನರ್ಸಮ್ಮ ಎನ್ನುತ್ತಿದ್ದರು. ಕಳೆದ ಚಳಿಗಾಲ ಆಕೆ ತನ್ನ ಮಂಡಿಗಳನ್ನು ಬಿಸಿಲಿಗೆ ಹಾಕಲು ಅರಿಜೋನಾಕ್ಕೆ ಹೊರಟುಹೋದಳು. ಹೋಗುವಾಗ ಕ್ಲಿನಿಕ್ಕಿನ ಬೀಗದ ಕೈಯನ್ನು ಹೂಕುಂಡದ ಕೆಳಗಿಟ್ಟಳು. ಅದು ಅಲ್ಲಿರುವುದು ಊರಿಗೆಲ್ಲ ಗೊತ್ತಿದ್ದರಿಂದ ಭದ್ರವಾಗಿತ್ತು.

ಆರ್ಡಿಸ್ ಖಾಲಿಯಾಗುತ್ತಿದ್ದ ಡಬ್ಬಿ ಹಿಡಿದು ಲೋವೆಲ್ ಫ್ಯೆಲ್ಡ್‌ನ ಔಷಧಿ ಅಂಗಡಿಗೆ ಹೋದಳು. ಲೋವೆಲ್ ಊರಿನ ಮೇಯರೂ ಹೌದು. ಎರಡು ಹುದ್ದೆಗಳು ಒಂದರೊಳಗೊಂದು ಬೆರೆಯಬಾರದೆಂದು ಅಂಗಡಿಯವನಾಗಿದ್ದಾಗ ಬಿಳಿ ಕೋಟು ಹಾಕುತ್ತಿದ್ದ, ಮೇಯರ್ ಆಗಿದ್ದಾಗ ಟೋಪಿ.

"ಸಹಿ ಇಲ್ಲದೆ ಕೊಡಕ್ಕಾಗಲ್ಲ ಆರ್ಡಿಸ್."

"ನಲವತ್ತೇ ಉಳಿದಿದೆ ಲೋವೆಲ್. ಶಾಲೆಯ ಅಡುಗೆಮನೆಯಲ್ಲಿ ಎಂಟು ವರ್ಷ ನಿನಗೆ ಕೇಳದೇನೇ ಎರಡನೇ ಸಲ ಬಡಿಸಿದ ಕೈ ಇದು."

ಲೋವೆಲ್ ಕೋಟು ಬಿಚ್ಚಿ ಟೋಪಿ ಹಾಕಿಕೊಂಡ. "ಮೇಯರ್ ಆಗಿ ಹೇಳ್ತೀನಿ, ನನಗೆ ತುಂಬಾ ದುಃಖ ಆಗ್ತಿದೆ." ಟೋಪಿ ತೆಗೆದು ಕೋಟು ಹಾಕಿಕೊಂಡ. "ಆದ್ರೆ ಕೊಡಕ್ಕಾಗಲ್ಲ."

ಎರಡೂವರೆ ತಾಸು ದೂರದ ನಗರದ ಆಸ್ಪತ್ರೆಯವರು ಹೊಸ ರೋಗಿಗಳಿಗೆ ನವೆಂಬರ್ ಹನ್ನೊಂದರಂದು ಸಮಯ ಕೊಟ್ಟರು. ಆಗಿನ್ನೂ ಮಾರ್ಚ್. ಹೊಸ ನರ್ಸಮ್ಮನನ್ನು ಕಳಿಸಬೇಕಾದದ್ದು ರಾಜ್ಯದ ಗ್ರಾಮೀಣ ಕೊರತೆ ನಿರ್ಧರಣಾ ಮಂಡಳಿ. ಮಂಡಳಿಯ ಹದಿನೇಳನೆಯ ನಿಯಮ ಹೀಗಿತ್ತು: "ಕೊರತೆಯಿರುವ ಊರುಗಳಿಗೆ ಮಾತ್ರ ನರ್ಸ್ ಪ್ರಾಕ್ಟೀಷನರನ್ನು ಕಳಿಸತಕ್ಕದ್ದು. ಕೊರತೆಯೆಂದರೆ ನರ್ಸ್ ಇಲ್ಲದಿರುವುದು ಎಂದು ಭಾವಿಸತಕ್ಕದ್ದಲ್ಲ. ಕಾಯಿಲೆ ಇರುವುದು ಎಂದೇ ಭಾವಿಸತಕ್ಕದ್ದು."

ಕಾಯಿಲೆಯನ್ನು ಅಳೆಯಲು ಮಂಡಳಿ ಫೆಬ್ರವರಿಯಲ್ಲೇ ಮನೆಮನೆಗೆ ಒಂದು ನಮೂನೆ ಕಳಿಸಿತ್ತು. ಅದರ ಮೊದಲ ಪ್ರಶ್ನೆ: ತಾವು ಹೇಗಿದ್ದೀರಿ?

ನೋರ್ಬಿಯವರ ಮುತ್ತಜ್ಜಂದಿರು ನಾರ್ವೆಯಿಂದ ಬಂದವರು. ತನ್ನ ನೋವನ್ನು ತಾನೇ ಬಾಯಿಬಿಟ್ಟು ಹೇಳುವುದೆಂದರೆ ಅಲ್ಲಿ, ತಟ್ಟೆಯಲ್ಲಿ ಉಳಿದ ಕೊನೆಯ ತುಂಡು ಕೇಕನ್ನು ಎಲ್ಲರೆದುರು ಎತ್ತಿ ಬಾಯಿಗೆ ಹಾಕಿಕೊಂಡಂತೆ. ಎಲ್ಲರೂ "ಪರವಾಗಿಲ್ಲ" ಎಂದು ಬರೆದರು. ಹುಲ್ಲು ಕಟ್ಟುವ ಯಂತ್ರಕ್ಕೆ ಬಲಗೈ ಕೊಟ್ಟು ಬ್ಯಾಂಡೇಜು ಸುತ್ತಿಕೊಂಡಿದ್ದ, ಆರ್ಡಿಸಳ ಪಕ್ಕದ ಮನೆಯ ಐನಾರ್ ಎಡಗೈಯಲ್ಲಿ "ಪರವಾಗಿಲ್ಲ" ಎಂದು ಬರೆದ. ಆರ್ಡಿಸ್ ಕೂಡ ಅದನ್ನೇ ಬರೆದು, ಎಲ್ಲಿ ಜಂಬವಾಯಿತೋ ಎಂದು "ಇದಕ್ಕಿಂತ ಕಷ್ಟದಲ್ಲಿರುವವರು ಇದ್ದಾರೆ" ಎಂದು ಸೇರಿಸಿದಳು.

ಮಂಡಳಿಯಿಂದ ನರ್ಸಮ್ಮನ ಬದಲು ಕಂಚಿನ ಫಲಕವೊಂದು ಬಂತು: ರಾಜ್ಯದ ಅತ್ಯಂತ ಆರೋಗ್ಯವಂತ ಪಟ್ಟಣ. ಲೋವೆಲ್ ಟೋಪಿ ಹಾಕಿಕೊಂಡು ಅದನ್ನು ಕ್ಲಿನಿಕ್ಕಿನ ಬೀಗ ಹಾಕಿದ ಬಾಗಿಲಿಗೇ ಹೊಡೆದ. ಊರಾಚೆಯ ಕೆರೆಯ ದಂಡೆಯಲ್ಲಿ ಅವನಿಗೆ ಮಾರಾಟವಾಗದ ನಿವೇಶನಗಳಿದ್ದವು. ಮರುದಿನವೇ ಅಲ್ಲೊಂದು ಬೋರ್ಡು ಎದ್ದಿತು: "ಬನ್ನಿ, ನೆಲೆಸಿ. ಇಲ್ಲಿ ಯಾರಿಗೂ ಏನೂ ಆಗುವುದಿಲ್ಲ."

ಆರ್ಡಿಸ್ ಮಂಡಳಿಗೆ ಫೋನು ಮಾಡಿದಳು. ಸಿಕ್ಕವನು ಕ್ರೆಂಶಾ ಎಂಬ ಅಧಿಕಾರಿ, ಸಜ್ಜನ.

"ಮೇಡಂ, ನಿಮ್ಮ ಊರಿನ ಕಾಯಿಲೆ ಸೊನ್ನೆ."

"ನಮಗೊಬ್ಬ ನರ್ಸಮ್ಮ ಬೇಕಾಗಿತ್ತು."

"ಅಯ್ಯೋ, ಯಾಕೆ? ಈಗ ಹೇಗಿದ್ದೀರಿ ನೀವು?"

"ಪರವಾಗಿಲ್ಲ," ಅಂದುಬಿಟ್ಟಳು ಆರ್ಡಿಸ್. ಆ ಕಡೆ ಪೆನ್ನು ಗೀಚಿದ ಸದ್ದಾಯಿತು.

ಆದರೂ ಅವನು ಉಪಾಯವೊಂದನ್ನು ಹೇಳಿದ. ಹನ್ನೊಂದು-ಬಿ ಅರ್ಜಿ ಹಾಕಿದರೆ ಮರುಸಮೀಕ್ಷೆಗೆ ತಾನೇ ಖುದ್ದಾಗಿ ಬರುವುದಾಗಿಯೂ, ನೂರಕ್ಕೆ ನಲವತ್ತು ಮಂದಿ ಕಾಯಿಲೆಯವರಿದ್ದರೆ ಸಾಕೆಂದೂ, ಮಂಡಳಿಯಲ್ಲಿ ಒಬ್ಬ ನರ್ಸಮ್ಮ ಆರು ತಿಂಗಳಿಂದ ಚೀಲ ಕಟ್ಟಿಕೊಂಡು ಕೂತಿದ್ದಾಳೆಂದೂ, ಕಳಿಸಲು ತಕ್ಕ ಊರು ಸಿಕ್ಕಿಲ್ಲವೆಂದೂ ತಿಳಿಸಿದ. ಡಬ್ಬಿಯಲ್ಲಿ ಮೂವತ್ತೊಂದು ಗುಳಿಗೆಗಳಿದ್ದವು.

ಚರ್ಚಿನ ನೆಲಮಾಳಿಗೆಯಲ್ಲಿ ಸಭೆ ಸೇರಿತು. ತಳ ಕಾಣುವಷ್ಟು ತೆಳುವಾದ ಕಾಫಿಯನ್ನು ಎಲ್ಲರೂ ಕುಡಿದರು. ಊರಿನವರಿಗೆ ನರಳಲು ತರಬೇತಿ ಕೊಡಬೇಕೆಂದು ಸರ್ವಾನುಮತದಿಂದ ನಿರ್ಣಯವಾಯಿತು. ಕಲಿಸುವವರು ಯಾರು? ಊರಲ್ಲಿ ನರಳಲು ಬರುತ್ತಿದ್ದದ್ದು ಒಬ್ಬಳಿಗೇ. ಮೂವತ್ತು ವರ್ಷದ ಕೆಳಗೆ ನ್ಯೂಜೆರ್ಸಿಯಿಂದ ಮದುವೆಯಾಗಿ ಬಂದಿದ್ದ ರೊಸಾಲಿಯಾ. ಹೇಗಿದ್ದೀಯ ಎಂದರೆ ನಿಜ ಹೇಳುತ್ತಾಳೆಂಬ ಕಾರಣಕ್ಕೆ ಮೂವತ್ತು ವರ್ಷ ಅವಳನ್ನು ಯಾರೂ ಹೇಗಿದ್ದೀಯ ಎಂದು ಕೇಳಿರಲಿಲ್ಲ. ಈಗ ಅವಳನ್ನು ನರಳಿಕೆಯ ಗೌರವ ಬೋಧಕಿಯಾಗಿ ನೇಮಿಸಲಾಯಿತು.

"ಐನಾರ್, ಎದ್ದು ನಿಲ್ಲು," ಅಂದಳು ರೊಸಾಲಿಯಾ. "ಎಲ್ಲಿ ನೋವು?"

"ಅಲ್ಲಿ ಇಲ್ಲಿ."

"ಅಲ್ಲಿ ಅಂದ್ರೆ?"

"ಇಲ್ಲಿಂದ ಸ್ವಲ್ಪ ಆಚೆ."

"ದೇವರೇ! ಅಯ್ಯೋ ಅಂತ ಒಂದು ಸಲ ಅನ್ನು. ನಿಮ್ಮಪ್ಪನ ಗಂಟೇನೂ ಹೋಗಲ್ಲ."

ಐನಾರ್ ಸುತ್ತ ನೋಡಿದ. ಕಿವಿ ಕೆಂಪಾಯಿತು. "ಅಯ್ಯೋ," ಎಂದ, ಗ್ರಂಥಾಲಯದಲ್ಲಿ ಪುಸ್ತಕ ಕೇಳುವ ದನಿಯಲ್ಲಿ. ಹಿಂದಿನ ಸಾಲಿನಲ್ಲಿ ಯಾರೋ ನಾಚಿ ತಲೆ ತಗ್ಗಿಸಿದರು.

ಮೂರು ವಾರದ ತರಬೇತಿಯ ಕೊನೆಗೆ ಹದಿನಾಲ್ಕು ಮಂದಿ ಮುಖ ಕಿವುಚುವಷ್ಟು ಮುಂದುವರಿದಿದ್ದರು. ಇಬ್ಬರಿಗೆ ಸೊಂಟದ ಮೇಲೆ ಕೈಯಿಡಲು ಬಂದಿತ್ತು.

ಕ್ರೆಂಶಾ ಬಂದ ದಿನ ಡಬ್ಬಿಯಲ್ಲಿ ಐದು ಗುಳಿಗೆಗಳಿದ್ದವು. ಆದರೆ ಒಂದು ವಿಷಯ ಯಾರ ತಲೆಗೂ ಹೊಳೆದಿರಲಿಲ್ಲ: ಬಂದವನು ನೆಂಟ. ನೆಂಟನ ಮುಂದೆ ನರಳುವುದುಂಟೇ? ಅವನ ತಟ್ಟೆಗೆ ಮಾಂಸಕ್ಕೆ ಆಲೂಗಡ್ಡೆ ಹೊದಿಸಿ ಬೇಯಿಸಿದ ಹಾಟ್‌ಡಿಷ್ ಬಿತ್ತು, ಮೇಲೆ ನಿಂಬೆಹುಳಿಯ ಸಿಹಿ ಬಿತ್ತು. ಅವನು ಫೈಲು ಬಿಚ್ಚಿ ಒಬ್ಬೊಬ್ಬರನ್ನೇ ಕರೆದು "ಹೇಗಿದ್ದೀರಿ?" ಎಂದ. "ಪರವಾಗಿಲ್ಲ." "ಪರವಾಗಿಲ್ಲ, ಇನ್ನೊಂದು ಚೂರು ಹಾಕಲಾ?" "ನಾನೇನು ಬಿಡಿ, ದಾರಿ ಹೇಗಿತ್ತು ನಿಮಗೆ?" ರೊಸಾಲಿಯಾ ಮೂಲೆಯಲ್ಲಿ ಹಣೆ ಚಚ್ಚಿಕೊಂಡಳು. ಲೋವೆಲ್ ಮಾತ್ರ ಟೋಪಿಯ ಕೆಳಗೆ ನಗುತ್ತಿದ್ದ. ಬೋರ್ಡು ಉಳಿಯುವ ಲಕ್ಷಣ ಕಾಣಿಸುತ್ತಿತ್ತು.

ಆರ್ಡಿಸಳ ಸರದಿ ಬಂತು. ಎದೆ ಆಗಲೇ ಹಗ್ಗ ಹರಿದುಕೊಂಡಿತ್ತು. ಒಂದೇ ಒಂದು ಮಾತು, ಹೇಳಿಬಿಟ್ಟರೆ ಮುಗಿಯಿತು. ಬಾಯಿ ತೆರೆದಳು. ಅಮ್ಮ, ಅಜ್ಜಿ, ಮುತ್ತಜ್ಜಿ ಸಾಲಾಗಿ ಗಂಟಲಲ್ಲಿ ನಿಂತು ದಾರಿ ಕಟ್ಟಿದರು.

"ನನಗೇನಿಲ್ಲ," ಅಂದಳು. ಕಣ್ಣು ಐನಾರ್‌ನ ಮೇಲೆ ಬಿತ್ತು. "ಆದ್ರೆ ಸ್ವಾಮಿ, ಅಗೋ ಅವನ ಕೈ ನೋಡಿ. ಮೂರು ಬೆರಳು ಮಡಿಸಕ್ಕಾಗಲ್ಲ. ಅಂಗಿ ಗುಂಡಿ ಹಾಕ್ಕೊಳಕ್ಕಾಗದೆ ಭಾನುವಾರ ಮೇಲಂಗಿ ತೆಗೆಯದೇ ಕೂತಿರ್ತಾನೆ. ಜಂಬ ಮಾತ್ರ ಗಟ್ಟಿಯಾಗಿದೆ."

ಐನಾರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ.

"ನನ್ನ ಕೈ ವಿಷಯ ಬಿಡೇ! ಸಾರ್, ಇವಳ ಎದೆ ಕೆಟ್ಟಿದೆ. ಅಂಚೆ ಪೆಟ್ಟಿಗೆ ತನಕ ಹೋಗಿ ಬರೋದ್ರಲ್ಲಿ ಎರಡು ಸಲ ಬೇಲಿ ಹಿಡ್ಕೋತಾಳೆ. ಕಿಟಕೀಲಿ ದಿನಾ ನೋಡ್ತೀನಿ. ಇವಳು ವಾಪಸು ಒಳಗೆ ಹೋಗೋ ತನಕ ನನ್ನ ಕಾಫಿ ಗಂಟಲಲ್ಲಿ ಇಳಿಯಲ್ಲ. ಐದೇ ಗುಳಿಗೆ ಉಳಿದಿರೋದು."

"ಎಣಿಸಿದ್ದೀಯಾ?"

"ಅಂಗಡೀಲಿ ನೀನೇ ಅಂದೆಯಲ್ಲ ನಲವತ್ತು ಅಂತ. ನಂಗೆ ಕಳೆಯೋ ಲೆಕ್ಕ ಬರತ್ತೆ ಕಣೇ."

ಕಟ್ಟೆ ಒಡೆಯಿತು. ನಲವತ್ತು ಚಳಿಗಾಲ ಕಿಟಕಿಯಲ್ಲಿ ಕೂತು ಕಂಡದ್ದನ್ನೆಲ್ಲ ನೋರ್ಬಿ ಅಂದು ಮಧ್ಯಾಹ್ನ ಹೊರಗೆ ಹಾಕಿತು. ಯಾರ ಸಕ್ಕರೆ ಕಾಯಿಲೆ, ಯಾರ ಕಿವುಡು, ಯಾರ ಮೂಲವ್ಯಾಧಿ, ಪಾದ್ರಿಯ ಗೊರಕೆ, ಲೋವೆಲ್ ಟೋಪಿ ಹಾಕುವಾಗ ತಲೆ ತಿರುಗುವುದು. ಎಲ್ಲ ಬಂತು. ಹೋದ ವರ್ಷ ತೀರಿಕೊಂಡ ಮುದುಕನೊಬ್ಬನ ಕೆಮ್ಮೂ ಬಂತು.

ಕ್ರೆಂಶಾ ನಿಯಮಪುಸ್ತಕ ತಿರುವಿದ. "ಕಾಯಿಲೆಯ ಬಗ್ಗೆ ಹೇಳುವವರು ಅದನ್ನು ಚೆನ್ನಾಗಿ ಬಲ್ಲವರಾಗಿರತಕ್ಕದ್ದು, ಅಂತಿದೆ," ಎಂದ. "ಕಾಯಿಲೆಯವರೇ ಆಗಿರಬೇಕು ಅಂತ ಎಲ್ಲೂ ಇಲ್ಲ." ಬರೆದುಕೊಳ್ಳುತ್ತ ಹೋದ. ಕೆಲವರ ಬಗ್ಗೆ ಮೂರು ಮೂರು ಮನೆಯವರು ಹೇಳಿದ್ದರಿಂದ, ಕೂಡಿದಾಗ ನೋರ್ಬಿಯ ನೂರಕ್ಕೆ ನೂರ ನಲವತ್ತು ಮಂದಿ ಕಾಯಿಲೆಯವರೆಂದು ಸಿದ್ಧವಾಯಿತು. ಮಂಡಳಿಯ ಚರಿತ್ರೆಯಲ್ಲೇ ಅಂಥ ಅಂಕಿ ಬಂದಿರಲಿಲ್ಲ.

ನಾಲ್ಕನೆಯ ದಿನ ನರ್ಸಮ್ಮ ಬಂದಳು. ಮರಿವಿಕ್ ಎಂದು ಹೆಸರು, ಫಿಲಿಪೀನ್ಸಿನ ಬಿಸಿಲಿನವಳು, ಮೂರು ಕೋಟುಗಳನ್ನು ಒಂದರ ಮೇಲೊಂದು ಹಾಕಿದ್ದಳು. ಹೂಕುಂಡ ಎತ್ತಿ, ಫಲಕ ಹೊಡೆದ ಬಾಗಿಲನ್ನು ತೆರೆದು ಕೂತಳು. ಬೆಳಗಿನಿಂದ ಇಪ್ಪತ್ತು ಮಂದಿ ಬಂದು, ತಿಂಡಿ ಇಟ್ಟು, ಹವೆಯ ಬಗ್ಗೆ ಮಾತಾಡಿ ಹೋದರು.

ಆರ್ಡಿಸ್ ಬಂದಳು. ಜೇಬಿನ ಡಬ್ಬಿಯಲ್ಲಿ ಒಂದೇ ಒಂದು ಗುಳಿಗೆ ಗಲಗಲ ಎನ್ನುತ್ತಿತ್ತು.

"ಏನಮ್ಮಾ ತೊಂದರೆ?"

"ಏನಿಲ್ಲ. ಹೀಗೇ ಹೋಗ್ತಿದ್ದೆ."

ಮರಿವಿಕ್ ಅವಳ ತುಟಿಯ ಬಣ್ಣ ನೋಡಿದಳು. ಕಿಟಕಿಯಾಚೆ ಐನಾರ್ ಟ್ರಕ್ಕಿನಲ್ಲಿ ಕೂತು, ನೋಡದವನ ಹಾಗೆ ನೋಡುತ್ತಿದ್ದದ್ದನ್ನೂ ನೋಡಿದಳು. ಅವನನ್ನು ಒಳಗೆ ಕರೆದಳು. ಅವನು ಟೋಪಿ ತೆಗೆದು ನಿಂತು ಎಲ್ಲ ಒಪ್ಪಿಸಿದ: ಬೇಲಿ, ಮೆಟ್ಟಿಲು, ಬೆಳಗಿನ ಜಾವ ಹತ್ತಿಕೊಳ್ಳುವ ಅಡುಗೆಮನೆಯ ದೀಪ. ಮರಿವಿಕ್ ಎದೆಗೆ ಕೊಳವೆ ಇಟ್ಟು ಕೇಳಿದಳು, ಬರೆದಳು, ಸಹಿ ಹಾಕಿದಳು.

"ಈಗ ಇವನದ್ದು ಬರ್ಕೊಳಮ್ಮ," ಎಂದು ಆರ್ಡಿಸ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. "ಮೂರು ಬೆರಳು."

ಈಗ ನೋರ್ಬಿಯ ಕ್ಲಿನಿಕ್ಕಿಗೆ ಯಾರೂ ಒಬ್ಬರೇ ಹೋಗುವಂತಿಲ್ಲ. ನಮೂನೆಯಲ್ಲಿ "ರೋಗಿ" ಎಂಬುದರ ಪಕ್ಕದಲ್ಲಿ "ಬಲ್ಲವರು" ಎಂಬ ಅಂಕಣ ಮುದ್ರಿತವಾಗಿದೆ. ಜಗಳವಾಡಿ ಮಾತು ಬಿಟ್ಟ ಅಕ್ಕಪಕ್ಕದವರೂ ತಿಂಗಳಿಗೊಮ್ಮೆ ಜೊತೆಯಾಗಿ ಬರುತ್ತಾರೆ; ಅವರ ವರದಿಗಳೇ ಹೆಚ್ಚು ವಿವರವಾಗಿರುತ್ತವೆಂದು ಮಂಡಳಿ ಮೆಚ್ಚಿದೆ. ರೊಸಾಲಿಯಾ ಮಾತ್ರ ತನ್ನದನ್ನು ತಾನೇ ಹೇಳಿಕೊಳ್ಳುತ್ತಾಳಾದ್ದರಿಂದ ಅವಳ ಕಾಯಿಲೆಗಳಿಗೆ ಮಾನ್ಯತೆ ದೊರೆತಿಲ್ಲ. ಫಲಕ ಬಾಗಿಲಲ್ಲೇ ಇದೆ, ತೆಗೆಯಲು ನಿಯಮವಿಲ್ಲ. ಲೋವೆಲ್‌ನ ಬೋರ್ಡಿನಲ್ಲಿ ಒಂದು ಸಾಲು ಹೆಚ್ಚಾಗಿದೆ: "ಆದರೂ ನರ್ಸ್ ಇದ್ದಾರೆ."

ಮೊದಲ ಚಳಿಗಾಲ ಮುಗಿದಾಗ ಕ್ರೆಂಶಾ ತಪಾಸಣೆಗೆ ಬಂದ. ಮರಿವಿಕ್ ಮೇಜಿನ ಅಂಚು ಹಿಡಿದು, ಹಲ್ಲು ಕಚ್ಚಿ, ನಿಧಾನವಾಗಿ ಎದ್ದು ನಿಂತಳು.

"ಹೇಗಿದ್ದೀರಿ?" ಎಂದ ಕ್ರೆಂಶಾ.

"ಪರವಾಗಿಲ್ಲ," ಅಂದಳು ಮರಿವಿಕ್.

ಕ್ರೆಂಶಾ ಅದನ್ನು ಬರೆದುಕೊಳ್ಳಲಿಲ್ಲ. ಪೆನ್ನು ಹಿಡಿದು, ಬಲ್ಲವರಾಗಿ ಪಕ್ಕದಲ್ಲಿ ಕೂತಿದ್ದ ಆರ್ಡಿಸಳ ಕಡೆ ತಿರುಗಿದ.

"ಸೊಂಟ," ಅಂದಳು ಆರ್ಡಿಸ್. "ಮಂಗಳವಾರದಿಂದ. ಎಡಗಡೆ."